ಮೂಲಬಂಧವೂ ನಾಚಿಕೆಯೂ

ಯೋಗದಲ್ಲಿ ಮೂಲಬಂಧ ಅಂತ ಒಂದಿದೆ. ಮಲದ್ವಾರಕ್ಕೂ ಮೂತ್ರದ್ವಾರಕ್ಕೂ ನಡುವಿನ ಜಾಗಕ್ಕೆ ಹಿಮ್ಮಡಿ ಒತ್ತಿ ಕೂತು, ಅಲ್ಲಿನ ಮಾಂಸವನ್ನು ಒಳಗಿಂದ ಮೇಲಕ್ಕೆ ಬಿಗಿ ಹಿಡಿಯೋದು. ಕೆಳಕ್ಕಿಳಿಯೋ ಅಪಾನವಾಯು ಇದರಿಂದ ಮೇಲೇರಿ ಪ್ರಾಣವನ್ನು ಸೇರ್ತದೆ ಅಂತ ಹಠಯೋಗಪ್ರದೀಪಿಕೆ ಹೇಳ್ತದೆ. ಈ ವಿದ್ಯೆ ಗುಟ್ಟಾಗಿರಲಿ ಅಂತಲೂ ಹೇಳ್ತದೆ. ಆದರೆ 1934ರಲ್ಲಿ ಮೈಸೂರಿನ ಕೃಷ್ಣಮಾಚಾರ್ಯರು ಕನ್ನಡದಲ್ಲೇ ‘ಯೋಗಮಕರಂದ’ ಬರೆದು ಬಂಧಗಳ ವಿಚಾರ ಅಚ್ಚು ಹಾಕಿಸಿದರು. ಅಚ್ಚಾದ ಮೇಲೆ ಗುಟ್ಟೆಲ್ಲಿ ಬಂತು?

ನಮ್ಮ ಧರ್ಮಪುರಿ, ಸೇಲಂ ಸೀಮೆಯಲ್ಲಿ ಇನ್ನೊಂದು ಗುಟ್ಟು ಉಳಿದಿದೆ. ಮೂರು ನಾಲ್ಕು ಹೆತ್ತ ಎಷ್ಟೋ ಹೆಂಗಸರಿಗೆ ಕೆಮ್ಮಿದರೆ, ಸೀನಿದರೆ, ಗೊಬ್ಬರದ ಮಂಕರಿ ಎತ್ತಿದರೆ ಉಚ್ಚೆ ಜಾರ್ತದೆ. ಗಂಡನಿಗೆ ಹೇಳಲ್ಲ, ಡಾಕ್ಟರಿಗೂ ಹೇಳಲ್ಲ. ನೀರು ಕುಡಿಯೋದು ಕಮ್ಮಿ ಮಾಡ್ತಾರೆ, ಮದುವೆಮನೆಗೆ ಹೋಗೋದು ಬಿಡ್ತಾರೆ. 1948ರಲ್ಲಿ ಅಮೆರಿಕದ ಕೆಗೆಲ್ ಎಂಬ ಡಾಕ್ಟರು ಇಂಥ ಹೆಂಗಸರಿಗೆ ಒಂದು ಕಸರತ್ತು ಬರೆದುಕೊಟ್ಟರು. ಅದೂ ಬಹುಪಾಲು ಇದೇ ಬಿಗಿತ. ಯೋಗಿಯ ಗುರಿ ಬೇರೆ, ಬಾಣಂತಿಯ ಗುರಿ ಬೇರೆ, ಮಾಂಸ ಒಂದೇ.

‘ಮಾನವಂತರು ಇಂಥದ್ದೆಲ್ಲ ಆಡ್ತಾರೇನಪ್ಪ?’ ಅಂತ ಕೇಳಬಹುದು. ಮಾನ ಬೇಕೇ ಬೇಕು. ಇನ್ನೊಬ್ಬರ ಮೈ ಕಷ್ಟ ನೋಡಿ ನಗದೇ ಇರೋದು ಮಾನ. ಕಷ್ಟಪಡೋರು ಬಾಯಿ ಬಿಡದ ಹಾಗೆ ಮಾಡೋದನ್ನು ಮಾನ ಅನ್ನೋದು ಹೇಗೆ? ಮೂಲಬಂಧ ನಾವೇ ಹಾಕಿಕೊಂಡು ನಾವೇ ಬಿಡೋ ಕಟ್ಟು. ನಾಚಿಕೆ ಊರು ಹಾಕಿದ ಕಟ್ಟು. ಅದನ್ನು ಊರೇ ಬಿಚ್ಚಬೇಕು.

ಮಾಡೋ ರೀತಿ ಸುಲಭ. ಒಂದಕ್ಕೆ ಹೋಗಿ ಬಂದು, ಮಲಗಿಯೋ ಕೂತೋ, ಉಚ್ಚೆ ತಡೆಯೋ ಹಾಗೆ ಒಳಗೆ ಎಳೆದು ಐದು ಎಣಿಸಬೇಕು. ಪೂರ್ತಿ ಸಡಿಲ ಬಿಟ್ಟು ಮತ್ತೆ ಐದು ಎಣಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕೆಲವು ತಿಂಗಳು. ಉಸಿರು ಕಟ್ಟಬಾರದು, ಹೊಟ್ಟೆ ತೊಡೆ ಬಿಗಿಯಬಾರದು. ಸಡಿಲ ಬಿಡೋದೂ ಅರ್ಧ ಪಾಠ. ಕೆರೆಯ ತೂಬು ಮುಚ್ಚೋಕೆ ಬಂದರೆ ಸಾಲದು, ತೆರೆಯೋಕೂ ಬರಬೇಕು. ಪದ ಹಾಡೋರ ಉಸಿರೂ ಹಾಗೇ. ಕೆಲವರಿಗೆ ಆ ಜಾಗ ಮೊದಲೇ ಬಿಗಿದುಕೊಂಡು ನೋಯ್ತಾ ಇರ್ತದೆ. ಅಂಥೋರು ಇನ್ನೂ ಬಿಗಿ ಮಾಡಬಾರದು. ನೋವಿದ್ದರೆ, ಗರ್ಭಕೋಶ ಜಾರಿದ ಹಾಗಿದ್ದರೆ ಮೊದಲು ಡಾಕ್ಟರಮ್ಮನ ಹತ್ರ ಹೋಗಬೇಕು.

ಟೀಚರಮ್ಮಂದಿರೇ, ಮಕ್ಕಳ ತಾಯಂದಿರು ಶಾಲೆಗೆ ಬಂದಾಗ ಇದನ್ನು ಬಾಗಿಲು ಹಾಕಿಕೊಂಡಾದರೂ ಹೇಳಿ. ಗಂಡಸರೇ, ಮನೆಯಾಕೆ ಹೇಳಲು ಬಂದರೆ ಮುಖ ತಿರುಗಿಸಬೇಡಿ. ಅಷ್ಟು ಮಾಡಿದರೂ ಅರ್ಧ ಕಟ್ಟು ಬಿಚ್ಚಿದ ಹಾಗೆ.