ಋಣವೂ ಮಿತಿಯೂ

ಸ್ವಾರ್ಥವು ಬೆರೆತ ಉಪಕಾರವನ್ನು ಉಪಕಾರವೆನ್ನಬಹುದೇ ಎಂಬ ಪ್ರಶ್ನೆಯು ಬಹಳ ಹಳೆಯದು. ಉತ್ತರ ಅಮೆರಿಕದ ಯಕ್ಕ ಎಂಬ ಗಿಡವನ್ನೂ ಅದನ್ನೇ ಆಶ್ರಯಿಸಿ ಬಾಳುವ ಒಂದು ಸಣ್ಣ ಬಿಳಿಯ ಪತಂಗವನ್ನೂ ನೋಡಿದರೆ ಈ ಪ್ರಶ್ನೆಯ ಮತ್ತೊಂದು ಮುಖವು ಗೋಚರವಾಗುತ್ತದೆ.

ಕತ್ತಿಯಂತಹ ಎಲೆಗಳ ನಡುವಿನಿಂದ ನೀಳವಾದ ದಂಟೆದ್ದು, ಬಿಳಿಯ ಗಂಟೆಗಳಂತೆ ಹೂಗಳು ತೂಗುವ ಈ ಗಿಡದ ಪರಾಗವು ಅಂಟಾದುದು. ಗಾಳಿಯು ಅದನ್ನು ಒಯ್ಯಲಾರದು. 1872ರಲ್ಲಿ ಜಾರ್ಜ್ ಎಂಗಲ್‌ಮನ್ ಎಂಬ ಸಸ್ಯಶಾಸ್ತ್ರಜ್ಞನೂ ಚಾರ್ಲ್ಸ್ ರೈಲಿ ಎಂಬ ಕೀಟಶಾಸ್ತ್ರಜ್ಞನೂ ಇದರ ಗುಟ್ಟನ್ನು ಕಂಡರು. ಹೆಣ್ಣು ಪತಂಗವು ರಾತ್ರಿಯಲ್ಲಿ ಬಂದು, ಬಾಯಿಯ ಬಳಿಯಿರುವ ವಿಶೇಷಾವಯವಗಳಿಂದ ಪರಾಗವನ್ನು ಉಂಡೆಮಾಡಿ, ತಲೆಯ ಕೆಳಗಿರಿಸಿಕೊಂಡು ಬೇರೆ ಹೂವಿಗೆ ಹಾರುತ್ತದೆ. ಅಲ್ಲಿ ಅಂಡಾಶಯವನ್ನು ಚುಚ್ಚಿ ಮೊಟ್ಟೆಯಿಟ್ಟು, ಬಳಿಕ ಶಲಾಕೆಯ ತುದಿಗೆ ಪರಾಗವನ್ನು ಒತ್ತುತ್ತದೆ. ಮರಿಹುಳುಗಳು ಕೆಲವು ಬೀಜಗಳನ್ನು ತಿಂದು ಬೆಳೆಯುತ್ತವೆ. ಉಳಿದವು ಗಿಡದ ಸಂತತಿಗೆ ಸಲ್ಲುತ್ತವೆ. ಹೊತ್ತು ತಂದ ಪರಾಗವನ್ನು ತಾಯಿಯು ತಾನು ಉಣ್ಣುವುದಿಲ್ಲ.

ಇದನ್ನು ದಾನವೆನ್ನಲಾಗದು, ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದೆಡೆಯಲ್ಲಿ ಪುಣ್ಯವೂ ಇಲ್ಲ. ಆದರೂ ಈ ವ್ಯವಹಾರಕ್ಕೆ ಒಂದು ಮಿತಿಯುಂಟು. ಒಂದು ಹೂವಿನಲ್ಲಿ ಮೊಟ್ಟೆಗಳು ಮಿತಿಮೀರಿದರೆ ಗಿಡವು ಸಾಮಾನ್ಯವಾಗಿ ಆ ಹೂವನ್ನೇ ಉದುರಿಸುತ್ತದೆ. ಅದರೊಡನೆ ಆ ಮೊಟ್ಟೆಗಳೂ ನಾಶವಾಗುತ್ತವೆ.

ಇಷ್ಟರಿಂದಲೇ ಪ್ರಕೃತಿಯ ನ್ಯಾಯವು ಎಂದಿಗೂ ತಪ್ಪದೆಂದು ನಂಬಿದರೆ ಮೋಸಹೋಗಬೇಕಾದೀತು. ಅದೇ ಕುಲದ ಕೆಲವು ಪತಂಗಗಳು ಪರಾಗವನ್ನು ಹೊರುವುದೇ ಇಲ್ಲ. ಹೂವು ಉದುರುವ ಕಾಲವು ಕಳೆದು ಕಾಯಿ ಕಚ್ಚಿದ ಮೇಲೆ ಅವು ಬಂದು ಮೊಟ್ಟೆಯಿಡುತ್ತವೆ. ದುಡಿಮೆಯು ಅನ್ಯರದು, ಉಣಿಸು ಇವುಗಳ ಮರಿಗಳದು. ಗಿಡದ ದಂಡನೆಯು ಇವುಗಳನ್ನು ಮುಟ್ಟದು.

ಮನುಷ್ಯನ ಸ್ಥಿತಿಯನ್ನು ಇಲ್ಲಿ ಯೋಚಿಸತಕ್ಕದ್ದು. ಹಿರಿಯರು ತೋಡಿದ ಕೆರೆ, ನೆಟ್ಟ ತೋಪು, ಕೂಡಿಟ್ಟ ವಿದ್ಯೆ, ಇವುಗಳ ಮುಂದೆ ಪ್ರತಿಯೊಬ್ಬನೂ ಕಾಯಿ ಕಚ್ಚಿದ ಮೇಲೆ ಬಂದವನೇ. ಅವನು ಮಿತಿಮೀರಿ ಉಂಡರೂ ಹೂವು ಅವನ ಕಾಲದಲ್ಲಿ ಉದುರದು. ನಷ್ಟವು ಮೊಮ್ಮಕ್ಕಳ ಪಾಲಿಗೆ ಬೀಳುತ್ತದೆ. ಹೊರಗಿನ ದಂಡವಿಲ್ಲದುದರಿಂದಲೇ ಒಳಗಿನ ಮಿತಿಯು ಅವನಿಗೆ ಧರ್ಮವಾಗುತ್ತದೆ.

ತನ್ನ ಮಕ್ಕಳಿಗಾಗಿ ದುಡಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ಪರಾಗ ಹೊರುವ ಪತಂಗವೂ ಅಷ್ಟನ್ನೇ ಮಾಡುತ್ತದೆ. ಉಂಡವನು ಮುಂದಿನ ಹೂವಿಗೆ ಏನನ್ನು ಹೊತ್ತನು ಎಂಬುದರಿಂದಲೇ ಅವನ ಋಣದ ಲೆಕ್ಕವು ತೀರಬೇಕು. ಪತಂಗಕ್ಕೆ ಆ ಲೆಕ್ಕವು ತಿಳಿಯದು. ತಿಳಿದ ಮನುಷ್ಯನಿಗೆ ತಪ್ಪಿಸಿಕೊಳ್ಳಲು ನೆವವಿಲ್ಲ.