ಹಿಡಿಸುವುದು ಬೇರೆ, ತಾಳುವುದು ಬೇರೆ

ಕೆಲವು ವರ್ಷಗಳ ಹಿಂದೆ ಕೈಲ್ ಪೋದ್ ಹಬ್ಬಕ್ಕೆಂದು ಕೊಡಗಿನ ಗೆಳೆಯನ ಮನೆಗೆ ಹೋಗಿದ್ದೆ. ತೋಕ್ ಪೂ ಮುಡಿದು ಪೂಜೆಗೊಂಡಿದ್ದ ಕೋವಿಗಳಲ್ಲಿ ಒಂದು ಇಂಗ್ಲೆಂಡಿನದು. ಜೋಡು ನಳಿಗೆ, 12 ಬೋರ್, ಎತ್ತಿಕೊಂಡರೆ ಅಚ್ಚರಿಯಾಗುವಷ್ಟು ಹಗುರ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಹೊರಟಾಗ ಗೆಳೆಯ ಪೇಟೆಯಿಂದ ತಂದ ಹೊಸ ತೋಟಾ ಒಂದನ್ನು ಅದಕ್ಕೆ ಹಾಕಿದ. ಸಲೀಸಾಗಿ ಕೂತಿತು. ಅವನ ತಾತ ಬಂದು, ಕೋವಿ ಮಡಚಿ, ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. "ಸರಿಯಾಗಿ ಹಿಡಿಸ್ತಲ್ಲ ತಾತ" ಎಂದ ಗೆಳೆಯ. ಅವರು ಕೊಡವ ತಕ್ಕಿನಲ್ಲಿ ಕೊಟ್ಟ ಉತ್ತರವನ್ನು ಅವನು ಆಮೇಲೆ ನನಗೆ ಕನ್ನಡದಲ್ಲಿ ಹೇಳಿದ: ಹಿಡಿಸುವುದು ಬೇರೆ, ತಾಳುವುದು ಬೇರೆ.

ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಆ ಮಾತು ಅಂದಿನಿಂದ ಬೆನ್ನು ಬಿಟ್ಟಿಲ್ಲ.

ಅದರ ಹಿಂದಿನ ಲೆಕ್ಕ ಸರಳ. ಪೆಟ್ಟಿಗೆಯ ಮೇಲೆ ಬರೆದಿರುವುದು ಹಾರಿದ ಮೇಲಿನ ತೋಟಾದ ಉದ್ದ. ಹಾರುವ ಮೊದಲು ಅದರ ಬಾಯಿ ಮಡಚಿಕೊಂಡಿರುತ್ತದೆ. ಹಾಗಾಗಿ 70 ಮಿ.ಮೀ. ತೋಟಾ ಹಳೆಯ ಬ್ರಿಟಿಷ್ ಕೋವಿಯ ಎರಡೂವರೆ ಇಂಚಿನ, ಎಂದರೆ ಸುಮಾರು 65 ಮಿ.ಮೀ. ಚೇಂಬರಿನಲ್ಲಿ ಆರಾಮವಾಗಿ ಕೂರುತ್ತದೆ. ಕುದುರೆ ಎಳೆದಾಗ ಬಾಯಿ ಬಿಚ್ಚಿ, ನಳಿಗೆ ಕಿರಿದಾಗುವ ಜಾಗಕ್ಕೆ ಚಾಚುತ್ತದೆ. ಚರೆಗೆ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಸಾಲದ್ದಕ್ಕೆ, ಹೊಸ ತೋಟಾಗಳಲ್ಲಿ ಹಲವನ್ನು ಹೆಚ್ಚು ಒತ್ತಡ ತಾಳುವ ಹೊಸ ಕೋವಿಗಳಿಗೆಂದೇ ತುಂಬಿರುತ್ತಾರೆ. ಹಳೆಯ ಕೋವಿ ಮೊದಲ ಈಡಿಗೇ ಒಡೆಯಲಿಕ್ಕಿಲ್ಲ. ಹತ್ತು ಸಲ ಏನೂ ಆಗಲಿಲ್ಲವೆಂಬ ಧೈರ್ಯದಲ್ಲೇ ಹನ್ನೊಂದನೆಯದರ ಅಪಾಯವಿದೆ.

ಬ್ರಿಟನ್ನಿನಲ್ಲಿ ಇಂಥ ಹಗುರ ಕೋವಿಗಳನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ. ಲಂಡನ್ನಿನ ಚಾರ್ಲ್ಸ್ ಲ್ಯಾಂಕಾಸ್ಟರ್ ಕಂಪನಿ ತನ್ನದೊಂದು ಮಾದರಿಗೆ 'ಟ್ವೆಲ್ವ್-ಟ್ವೆಂಟಿ' ಎಂದೇ ಹೆಸರಿಟ್ಟಿತ್ತು: 12 ಬೋರಿನ ಕೋವಿ, 20 ಬೋರಿನ ತೂಕ. ಬರೀ ಎರಡು ಇಂಚಿನ ಚೇಂಬರಿನವೂ ಇವೆ. ಕೋವಿ ತನ್ನೊಳಗಿನ ಚರೆಯ 96 ಪಟ್ಟು ತೂಗಬೇಕು ಎಂಬುದು ಬರ್ಮಿಂಗ್‌ಹ್ಯಾಮಿನ ಗ್ರೀನರ್ ಹೆಸರಿನಲ್ಲಿ ಉಳಿದುಬಂದಿರುವ ಲೆಕ್ಕ. 25 ಗ್ರಾಂ ಚರೆಗೆ 2.4 ಕಿಲೋ. ತೂಕ ಇಳಿಸಬೇಕಾದರೆ ಈಡನ್ನೂ ಇಳಿಸಬೇಕು, ಇಲ್ಲವಾದರೆ ಒದೆತ ಹೆಗಲಿಗೆ. ಕೈಯಲ್ಲಿ ಹಿಡಿದಾಗ ನಾವು ಮೆಚ್ಚುವ ಆ ಹಗುರ, ಕಡಿಮೆಯಲ್ಲಿ ತೃಪ್ತರಾಗುತ್ತೇವೆಂದು ಯಾರೋ ಮೊದಲೇ ಒಪ್ಪಿಕೊಂಡದ್ದರ ಫಲ.

ಆ ಒಪ್ಪಂದಕ್ಕೆ ಸಾಕ್ಷಿಯೂ ಉಂಟು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ಸನ್ನದು ಸಿಕ್ಕಿತು; ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದು. ಮಾಮೂಲಿಗಿಂತ ಬಲವಾದ ಈಡು ಹಾರಿಸಿ, ತಾಳಿದ ನಳಿಗೆಗೆ ಮುದ್ರೆ ಒತ್ತುತ್ತಾರೆ. ಪರೀಕ್ಷೆಗೆ ನಿಲ್ಲದ ಕೋವಿಯನ್ನು ಮಾರುವುದು ಅಲ್ಲಿ ಅಪರಾಧ. ಆದರೆ ಕೊಂಡವನು ಮನೆಯಲ್ಲಿ ಯಾವ ತೋಟಾ ಹಾಕುತ್ತಾನೆಂದು ಕಾಯಲು ಯಾವ ಕಾನೂನೂ ಬರುವುದಿಲ್ಲ. ಅಲ್ಲಿಂದಾಚೆಗಿನದು ಅವನ ನೀತಿ.

ಅವನ ಮುಂದೆ ಎರಡು ದಾರಿ. ಚೇಂಬರನ್ನು ಉದ್ದಕ್ಕೆ ಕೊರೆಸಬಹುದು. ಗೋಡೆ ತೆಳುವಾಗುತ್ತದೆ, ಮತ್ತೆ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಪಾಸಾದರೆ ಅಂಗಡಿಯ ತೋಟಾ ಸಾಕು. ಇಲ್ಲವೇ ಕೋವಿಯನ್ನು ಇದ್ದಂತೆ ಬಿಟ್ಟು, ಅದಕ್ಕೊಪ್ಪುವ ತೋಟಾ ಹುಡುಕುತ್ತ ಅಲೆಯಬಹುದು. ಮೊದಲನೆಯವನಿಗೆ ವಸ್ತು ತನ್ನದು. ಎರಡನೆಯವನು ತಾನೇ ವಸ್ತುವಿನ ಕಟ್ಟಳೆಗೆ ಒಳಗಾದವನು. ನನಗೆ ಎರಡನೆಯವನೇ ನಿಜವಾದ ಒಡೆಯ ಅನ್ನಿಸುತ್ತದೆ. ಬೇಕಾದಂತೆ ತಿದ್ದಿಕೊಂಡ ಮೇಲೆ ನಮ್ಮ ಬಳಿ ಉಳಿಯುವುದು ನಮ್ಮದೇ ಅನುಕೂಲ, ಆ ಹಳೆಯ ವಸ್ತುವಲ್ಲ.

ಇದನ್ನು ಗೆಳೆಯನಿಗೆ ಹೇಳಿದಾಗ ಅವನು ನಕ್ಕ. "ಕೊಲ್ಲೋ ಸಾಮಾನಿಗೆ ಇಷ್ಟೊಂದು ಮರ್ಯಾದೆ ಯಾಕೋ? ಕೋವಿ ಮಿತಿ ಕಾದರೆ ಹಕ್ಕಿಗೇನು ಬಂತು?" ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಅದು. ಇಂಗ್ಲೆಂಡಿನಲ್ಲಿ ಇವು ಬಹುಪಾಲು ಉಳ್ಳವರ ಬೇಟೆಯ ಮೋಜಿಗೆಂದು ತಯಾರಾದವು. ಆ ಮುದ್ರೆ ಕಾಯುವುದು ಹಿಡಿದವನ ಬೆರಳನ್ನು ಮಾತ್ರ, ಎದುರಿಗಿರುವ ಜೀವವನ್ನಲ್ಲ. ಸಂಗ್ರಾಹಕನ ಸಂಯಮವನ್ನು ಅಹಿಂಸೆ ಎಂದು ಕರೆದರೆ ನಾನು ಸುಳ್ಳು ಹೇಳಿದಂತೆ. ನಾನು ಹೇಳಬಲ್ಲದ್ದು ಇನ್ನೂ ಸಣ್ಣದು: 'ಆಗುತ್ತದೆ' ಎಂದ ಕೂಡಲೇ 'ಮಾಡಬಹುದು' ಎಂದು ಹಾರದಿರುವ ಅಭ್ಯಾಸ ಒಂದಿದೆ. ಅದನ್ನು ಕಲಿಯಲು ಕೋವಿಯೇ ಬೇಕೆಂದಿಲ್ಲ. ಆ ಮನೆಯಲ್ಲಿ ಕಲಿಸಲು ಇದ್ದದ್ದು ಮಾತ್ರ ಅದೇ.

ಹೋದ ಮಳೆಗಾಲದಲ್ಲಿ ತಾತ ತೀರಿಕೊಂಡರು. ಸಾವಿಗೆ ಎರಡು ಗುಂಡು ಹಾರಿಸುವುದು ಅಲ್ಲಿಯ ಪದ್ಧತಿ. ಗೆಳೆಯ ಮೊದಲು ಕೈಹಾಕಿದ್ದು ಆ ಹಗುರ ಕೋವಿಗೇ. ಮನೆಯಲ್ಲಿ ಇದ್ದದ್ದು ಉದ್ದದ ತೋಟಾಗಳು ಮಾತ್ರ. ಎರಡೇ ಎರಡು ಈಡು, ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಅದನ್ನು ಗೋಡೆಗೆ ಮತ್ತೆ ಒರಗಿಸಿ, ಪಕ್ಕದ ಮನೆಯವರ ಕೋವಿ ಕೇಳಿ ತಂದ.