ರಕ್ತದ ಸೂಚಕ ಮತ್ತು ವ್ಯಾಪ್ತಿಯ ಪ್ರಶ್ನೆ

ಕಂಡ ಗುರುತಿನಿಂದ ಕಾಣದ ವಸ್ತುವನ್ನು ಅರಿಯುವುದನ್ನು ನ್ಯಾಯದರ್ಶನವು ಅನುಮಾನವೆಂದು ಕರೆಯುತ್ತದೆ. ಬೆಟ್ಟದ ಮೇಲಿನ ಹೊಗೆಯಿಂದ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವಾಗ ಹೊಗೆಯು ಹೇತು, ಬೆಂಕಿಯು ಸಾಧ್ಯ, ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆಂಬ ತಪ್ಪದ ಸಂಬಂಧವು ವ್ಯಾಪ್ತಿ. ಅನ್ನನಾಳದ ಕ್ಯಾನ್ಸರನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚುವ ಪ್ರಯತ್ನವೂ ಇಂಥದೇ ಅನುಮಾನವಾದುದರಿಂದ, ಅದರ ಫಲಿತಾಂಶವನ್ನು ಎಷ್ಟರಮಟ್ಟಿಗೆ ಜ್ಞಾನವೆಂದು ಒಪ್ಪಬಹುದೆಂಬುದು ಪ್ರಮಾಣಶಾಸ್ತ್ರದ ಪ್ರಶ್ನೆಯೂ ಹೌದು.

ಈ ರೋಗದಲ್ಲಿ ಅಳೆಯಲಾಗುವ ಸೂಚಕಗಳ ಪೈಕಿ ಸಿಇಎ ಎಂಬ ಪ್ರೋಟೀನು 1965ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿಯೂ ಎಸ್‌ಸಿಸಿ ಆಂಟಿಜೆನ್ 1977ರಲ್ಲಿ ಗರ್ಭಕಂಠದ ಕ್ಯಾನ್ಸರಿನಲ್ಲಿಯೂ ಮೊದಲು ಗುರುತಿಸಲ್ಪಟ್ಟವು; ಎಂದರೆ ಇವೆರಡೂ ಅನ್ನನಾಳಕ್ಕೆ ಮಾತ್ರ ಸೇರಿದ ಗುರುತುಗಳಲ್ಲ. ಸಿಇಎ ಧೂಮಪಾನಿಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಹೆಚ್ಚಿರಬಹುದು; ಎಸ್‌ಸಿಸಿ ಆಂಟಿಜೆನ್ ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿಯೂ ಮೂತ್ರಪಿಂಡದ ವೈಫಲ್ಯದಲ್ಲಿಯೂ ಏರಬಹುದು. ಸಾಧ್ಯವು ಇಲ್ಲದ ಕಡೆಯೂ ತೋರುವ ಇಂಥ ಹೇತುವನ್ನು ಗೌತಮನ ನ್ಯಾಯಸೂತ್ರವು ಸವ್ಯಭಿಚಾರವೆಂದು ಹೆಸರಿಸಿ, ಹೇತುವಿನಂತೆ ತೋರಿಯೂ ಹೇತುವಲ್ಲದ ಐದು ಹೇತ್ವಾಭಾಸಗಳಲ್ಲಿ ಮೊದಲನೆಯದಾಗಿ ಎಣಿಸಿದೆ.

ಇದಕ್ಕಿಂತಲೂ ಗಂಭೀರವಾದುದು ಇನ್ನೊಂದು ದಿಕ್ಕಿನ ತಪ್ಪು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ, ಹಸಿ ಕಟ್ಟಿಗೆ ಸೇರಿದಾಗಲೇ ಹೊಗೆ ಏಳುತ್ತದೆ ಎಂಬ ನೈಯಾಯಿಕರ ಉದಾಹರಣೆಯು, ಹೊಗೆ ಕಾಣದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನುವ ಅವಸರವನ್ನು ತಡೆಯುತ್ತದೆ. ಗಡ್ಡೆಯು ಚಿಕ್ಕದಾಗಿರುವ ಆರಂಭದ ಹಂತದಲ್ಲಿ ಈ ಸೂಚಕಗಳು ಅನೇಕ ವೇಳೆ ಸಹಜ ಮಟ್ಟದಲ್ಲಿಯೇ ಇರುತ್ತವೆ. ಚಿಕಿತ್ಸೆಯು ಹೆಚ್ಚು ಫಲಿಸಬಲ್ಲ ಕಾಲದಲ್ಲಿಯೇ ಗುರುತು ಮೌನವಾಗಿರುವುದು ಇಲ್ಲಿನ ನಿಜವಾದ ಸಂಕಟ.

ವ್ಯಾಪ್ತಿಯಲ್ಲಿ ಅಲ್ಪ ಬಿರುಕಿದ್ದರೂ ಅದರ ಪರಿಣಾಮ ಅಲ್ಪವಲ್ಲ. ಒಂದು ಲಕ್ಷ ಜನರಲ್ಲಿ 10 ಮಂದಿಗೆ ರೋಗವಿದೆಯೆಂದೂ, ಪರೀಕ್ಷೆಯು ರೋಗಿಗಳಲ್ಲಿ ಶೇ. 90ರಷ್ಟನ್ನು ಹಿಡಿದು, ನಿರೋಗಿಗಳಲ್ಲಿ ಶೇ. 5ರಷ್ಟನ್ನು ತಪ್ಪಾಗಿ ರೋಗಿಗಳೆಂದು ತೋರಿಸುತ್ತದೆಂದೂ ಭಾವಿಸಿದರೆ, ಪರೀಕ್ಷೆಯು ಹಿಡಿಯುವ ನಿಜವಾದ ರೋಗಿಗಳು 9 ಮಂದಿ, ಸುಮ್ಮನೆ ಭಯಕ್ಕೆ ಒಳಗಾಗುವವರು ಸುಮಾರು 5,000 ಮಂದಿ.

ಸಂಶಯ ಮತ್ತು ನಿರ್ಣಯಗಳನ್ನು ಗೌತಮನು ತನ್ನ ಹದಿನಾರು ಪದಾರ್ಥಗಳಲ್ಲಿ ಬೇರೆಬೇರೆಯಾಗಿ ಇರಿಸಿದ್ದಾನೆ. ರಕ್ತದ ಸೂಚಕವು ಸಂಶಯವನ್ನು ಹುಟ್ಟಿಸಬಲ್ಲದು, ಚಿಕಿತ್ಸೆಯ ನಂತರ ರೋಗದ ಏರಿಳಿತವನ್ನು ಗಮನಿಸಲು ನೆರವಾಗಬಲ್ಲದು. ನಿರ್ಣಯವು ಮಾತ್ರ ಎಂಡೋಸ್ಕೋಪಿಯಿಂದ ಅನ್ನನಾಳವನ್ನು ನೋಡಿ, ಅಲ್ಲಿಂದ ತೆಗೆದ ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿಯಿಂದಲೇ ಆಗಬೇಕು. ಆದುದರಿಂದ ನುಂಗಲು ತೊಡಕಾಗುತ್ತಿರುವವರು ರಕ್ತದ ವರದಿ ಸಹಜವಾಗಿದೆಯೆಂದು ಎಂಡೋಸ್ಕೋಪಿಯನ್ನು ಮುಂದೂಡಬಾರದು.